ಆ ಅಮ್ಮನ ಸಿಟ್ಟಿನಿಂದ ಶುರು ಮಾಡಿ

ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಕಾದಂಬರಿಯನ್ನು ತಾಯಿಯ ಕಡೆಯಿಂದ ಮತ್ತೆ ಬರೆಯಬೇಕು ಅಂತ ನಿಮಗೆ ಆಸೆ. ಆದರೆ ಮೆಗ್, ಜೋ, ಬೆತ್, ಏಮಿ ಅನ್ನುವ ನಾಲ್ಕು ಹೆಣ್ಣುಮಕ್ಕಳ ಆ ತಾಯಿ, ಮಾರ್ಮಿ, ಬರೀ ಒಳ್ಳೆಯವಳು, ಅವಳಲ್ಲಿ ಕಥೆ ಎಲ್ಲಿದೆ ಅಂತ ಕೇಳಿದ್ದೀರಿ. ಶಾಲೆಯಲ್ಲಿ ಓದಿದಾಗ ನನಗೂ ಹಾಗೇ ಅನಿಸಿತ್ತು. ಆಗ ನನ್ನ ಕಣ್ಣೆಲ್ಲ ಜೋ ಮೇಲೆ. ಮಗಳು ಹುಟ್ಟಿದ ಮೇಲೆ ಮತ್ತೆ ಓದಿದೆ, ಈ ಸಲ ಅಮ್ಮನನ್ನು ಬಿಟ್ಟು ಕಣ್ಣು ಕದಲಲಿಲ್ಲ.

ಜೋ ಬರೆದಿಟ್ಟಿದ್ದ ಕಥೆಗಳನ್ನು ತಂಗಿ ಏಮಿ ಸುಟ್ಟುಹಾಕುವ ಅಧ್ಯಾಯ ನೆನಪಿದೆಯಲ್ವಾ? ಆಮೇಲೆ ಏಮಿ ಮಂಜುಗಡ್ಡೆ ಒಡೆದು ನೀರಿಗೆ ಬೀಳುತ್ತಾಳೆ. ಆ ರಾತ್ರಿ ಜೋ ತನ್ನ ಕೋಪವನ್ನು ಬೈದುಕೊಂಡು ಅಳುತ್ತಾಳೆ. ಆಗ ಅಮ್ಮ ಹೇಳುತ್ತಾಳೆ, ನನಗೂ ಹೆಚ್ಚುಕಡಿಮೆ ದಿನಾ ಸಿಟ್ಟು ಬರುತ್ತದೆ, ತೋರಿಸಿಕೊಳ್ಳದೆ ಇರುವುದನ್ನು ಕಲಿತಿದ್ದೇನೆ ಅಷ್ಟೇ. ಸಿಟ್ಟೇ ಬರದ ಹಾಗೆ ಆಗಲು ಇನ್ನೂ ನಲವತ್ತು ವರ್ಷ ಬೇಕಾಗಬಹುದು ಅಂತಲೂ ಸೇರಿಸುತ್ತಾಳೆ. ಅವಳ ದನಿ ಏರುವ ಮುಂಚೆ ಗಂಡ ತುಟಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದರಂತೆ, ಅವಳು ತುಟಿ ಬಿಗಿಯುತ್ತಿದ್ದಳಂತೆ, ಇಲ್ಲವೇ ಹೊರಗೆ ಹೋಗುತ್ತಿದ್ದಳಂತೆ. ಹಾಗೆ ಎಚ್ಚರಿಸಿ ಅಂತ ಕೇಳಿಕೊಂಡವಳೂ ಅವಳೇ. ಅವಳು ಬಾಗಿಲು ದಾಟಿ ಹೋದ ಆ ಕೋಣೆಯಲ್ಲಿ ಏನಾಗುತ್ತಿತ್ತು? ಕಾದಂಬರಿ ಅಲ್ಲಿಗೆ ನಮ್ಮನ್ನು ಕರೆದುಕೊಂಡು ಹೋಗುವುದೇ ಇಲ್ಲ. ನೀವು ಹೋಗಿ.

ನನ್ನನ್ನು ಜಾಸ್ತಿ ಕಾಡುವುದು ಬೆತ್ ವಿಷಯ. ಯುದ್ಧಕ್ಕೆ ಹೋದ ಅಪ್ಪ ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಅಮ್ಮ ಅಲ್ಲಿಗೆ ಹೋಗಿದ್ದಾಳೆ. ಹಮ್ಮೆಲ್ ಅನ್ನುವ ಬಡ ಸಂಸಾರವನ್ನು ಮರೆಯಬೇಡಿ ಅಂತ ಅಮ್ಮ ಹೇಳಿದ್ದಾಳಲ್ಲ ಅಂತ ಬೆತ್ ಅಕ್ಕಂದಿರಿಗೆ ನೆನಪಿಸುತ್ತಾಳೆ. ಅವರು ಇವತ್ತು ನಾಳೆ ಅನ್ನುತ್ತಾರೆ. ಕೊನೆಗೆ ಬೆತ್ ತಾನೇ ಹೋಗುತ್ತಾಳೆ. ಅಲ್ಲಿ ಕೂಸು ಅವಳ ಮಡಿಲಲ್ಲೇ ಸಾಯುತ್ತದೆ. ಸ್ಕಾರ್ಲೆಟ್ ಜ್ವರ ಅವಳಿಗೂ ಅಂಟುತ್ತದೆ. ಈ ಸಲ ಹೇಗೋ ಉಳಿಯುತ್ತಾಳೆ, ಆದರೆ ಮೊದಲಿನ ಹಾಗೆ ಚೇತರಿಸಿಕೊಳ್ಳುವುದಿಲ್ಲ. ನೆನಪಿಡಿ, ಅವಳು ಆ ಮನೆಗೆ ಹೋದದ್ದು ಅಮ್ಮನ ಮಾತು ಉಳಿಸಲು. ಇದನ್ನು ಆ ಅಮ್ಮ ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವುದಿಲ್ಲ. ವಾಪಸ್ ಬಂದ ಮೇಲೆ ಬೆತ್ ಪಕ್ಕದ ದೊಡ್ಡ ಕುರ್ಚಿಯಲ್ಲೇ ಕೂತು ಮತ್ತೆ ಮತ್ತೆ ಎದ್ದು ಮಗುವನ್ನು ಮುಟ್ಟಿ ನೋಡುತ್ತಾಳೆ. ನನ್ನ ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ನಾನೂ ಹಾಗೇ ಹಣೆ ಮುಟ್ಟಿ, ಒದ್ದೆ ಬಟ್ಟೆ ಬದಲಿಸಿ, ಮತ್ತೆ ಮುಟ್ಟಿ ಕೂತಿದ್ದೇನೆ. ಆ ಕೈಗೆ ಸುಮ್ಮನಿರಲು ಆಗುವುದೇ ಇಲ್ಲ.

ಈ ಕಥೆಯ ಹಿಂದಿದ್ದ ನಿಜ ಜೀವನ ಇನ್ನೂ ಕಠಿಣ. ಲೂಯಿಸಾ ಅವರ ತಾಯಿ ಅಬಿಗೇಲ್ 1856ರಲ್ಲಿ ನೆರವಾಗುತ್ತಿದ್ದ ಒಂದು ಬಡ ಮನೆಯಿಂದಲೇ ಮಗಳು ಎಲಿಜಬೆತ್‌ಗೆ ಆ ಜ್ವರ ಬಂದಿತ್ತು. 1858ರ ಮಾರ್ಚ್‌ನಲ್ಲಿ ಎಲಿಜಬೆತ್ ತೀರಿಕೊಂಡಳು. ಆಗ ಅವಳಿಗೆ 22 ವರ್ಷ. ಅದಕ್ಕೂ ಮುಂಚೆ, 1843ರಲ್ಲಿ, ಗಂಡ ಬ್ರಾನ್ಸನ್ ಆದರ್ಶ ಬದುಕಿನ ಪ್ರಯೋಗ ಅಂತ ಇಡೀ ಸಂಸಾರವನ್ನು ‘ಫ್ರೂಟ್‌ಲ್ಯಾಂಡ್ಸ್’ ಅನ್ನುವ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಚಳಿಗಾಲ ಮುಗಿಯುವ ಮೊದಲೇ ಅದು ಮುರಿದುಬಿತ್ತು. ಅಲ್ಲಿದ್ದಷ್ಟು ದಿನ ಮನೆಗೆಲಸದ ಭಾರವೆಲ್ಲ ಹೆಚ್ಚಾಗಿ ಅಬಿಗೇಲ್ ಹೆಗಲ ಮೇಲೆ. ಅಂಥ ಹೆಂಗಸಿಗೆ ದಿನಾ ಸಿಟ್ಟು ಬಂದರೆ ಆಶ್ಚರ್ಯವೇನು ಹೇಳಿ.

ಒಂದು ಮಾತು. ಅಪ್ಪನ ಕಡೆಯಿಂದ ಬರೆದ ಕಾದಂಬರಿ ಈಗಾಗಲೇ ಇದೆ, ಜೆರಾಲ್ಡಿನ್ ಬ್ರೂಕ್ಸ್ ಅವರ ‘ಮಾರ್ಚ್’. 2006ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದದ್ದು. ಅದರ ಕೆಲವು ಅಧ್ಯಾಯಗಳಲ್ಲಿ ಮಾರ್ಮಿಯೇ ಮಾತಾಡುತ್ತಾಳೆ. ಓದಿ, ಆದರೆ ಹೆದರಿ ಕೈಬಿಡಬೇಡಿ. ಅವಳಲ್ಲಿ ಇನ್ನೂ ಬೇಕಾದಷ್ಟಿದೆ.

ಎಲ್ಲಿಂದ ಶುರು ಮಾಡಲಿ ಅಂದರೆ, ವಾಷಿಂಗ್ಟನ್ನಿಗೆ ಹೊರಡುವ ಹಿಂದಿನ ರಾತ್ರಿ. ಅಪ್ಪನಿಗಾಗಿ ಜೋ ಕೂದಲು ಮಾರಿ 25 ಡಾಲರ್ ತಂದಿದ್ದಾಳೆ. ಮಕ್ಕಳು ಮಲಗಿದ್ದಾರೆ. ಗಡಿಯಾರ ಹನ್ನೆರಡು ಹೊಡೆಯುವಾಗ ಒಂದು ಆಕೃತಿ ಹಾಸಿಗೆಯಿಂದ ಹಾಸಿಗೆಗೆ ಸದ್ದಿಲ್ಲದೆ ನಡೆದು ಹೊದಿಕೆ ಸರಿಮಾಡುತ್ತದೆ, ದಿಂಬು ಸರಿಸುತ್ತದೆ, ಒಂದೊಂದೇ ಮುಖವನ್ನು ತುಂಬ ಹೊತ್ತು ನೋಡುತ್ತದೆ. ಅಷ್ಟನ್ನೇ ಕಾದಂಬರಿ ಹೊರಗೆ ನಿಂತು ಹೇಳುತ್ತದೆ. ಜೋ ಹಾಸಿಗೆ ಹತ್ತಿರ ಬಂದಾಗ, ಆ ಕತ್ತರಿಸಿದ ಕೂದಲ ಮೇಲೆ ಅಮ್ಮ ಕೈ ಇಟ್ಟಳೇ, ಇಡಲಾಗದೆ ಹಿಂದೆ ತೆಗೆದಳೇ? ಅದನ್ನು ನೀವು ಬರೆಯಿರಿ.