ಕಾಡಿನಲ್ಲಿ ಟೆಂಟು: ಕೇಳಿದ್ದೀರಿ, ಹೇಳುತ್ತೇವೆ

ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಕ್ಯಾಂಪಿಂಗ್ ಮಾಡುವ ಬಗ್ಗೆ ಅಲ್ಲಿರುವ ಓದುಗರೂ, ಬೇಸಿಗೆಗೆ ಮಕ್ಕಳ ಮನೆಗೆ ಹೊರಟಿರುವ ಇಲ್ಲಿಯ ಓದುಗರೂ ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ಯೊಸೆಮಿಟಿ ನ್ಯಾಷನಲ್ ಪಾರ್ಕ್‌ನಲ್ಲಿ ಜಾಗ ಸಿಗಲಿಲ್ಲ. ಪಕ್ಕದ ನ್ಯಾಷನಲ್ ಫಾರೆಸ್ಟ್‌ನಲ್ಲಿ ಎಲ್ಲಿ ಬೇಕಾದರೂ ಪುಕ್ಕಟೆ ಟೆಂಟು ಹಾಕಬಹುದು ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? (ಫ್ರೀಮಾಂಟ್)

ಪುಕ್ಕಟೆ ಎನ್ನುವುದು ನಿಜ, ಎಲ್ಲಿ ಬೇಕಾದರೂ ಎನ್ನುವುದು ಸುಳ್ಳು. ನ್ಯಾಷನಲ್ ಪಾರ್ಕ್‌ಗಳು ಒಳಾಡಳಿತ ಇಲಾಖೆಯ ಕೈಯಲ್ಲಿವೆ. ನ್ಯಾಷನಲ್ ಫಾರೆಸ್ಟ್‌ಗಳನ್ನು ನೋಡಿಕೊಳ್ಳುವುದು 1905ರಲ್ಲಿ ಶುರುವಾದ, ಕೃಷಿ ಇಲಾಖೆಯ ಕೆಳಗಿರುವ ಫಾರೆಸ್ಟ್ ಸರ್ವಿಸ್. ಮರ ಕಡಿಯುವುದು, ದನ ಮೇಯಿಸುವುದು, ಬೇಟೆ, ಚಾರಣ ಎಲ್ಲವೂ ಅದೇ ಕಾಡಿನಲ್ಲಿ ನಡೆಯುತ್ತವೆ. ಹಾಗಾಗಿ ನಿಯಮ ಸಡಿಲ, ಸೌಕರ್ಯ ಕಡಿಮೆ. ಕುಮಾರ ಪರ್ವತಕ್ಕೂ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹತ್ತಿ ಅಭ್ಯಾಸವಿರುವವರಿಗೆ ಈ ಸಡಿಲಿಕೆ ವಿಚಿತ್ರವೆನಿಸಬಹುದು.

ಟೆಂಟು ಹಾಕಲೆಂದೇ ಜಾಗ ಗುರುತಿಸಿಟ್ಟಿರುವ ಕ್ಯಾಂಪ್‌ಗ್ರೌಂಡ್‌ನ ಹೊರಗೆ ಟೆಂಟು ಹಾಕುವುದಕ್ಕೆ ‘ಡಿಸ್ಪರ್ಸ್ಡ್ ಕ್ಯಾಂಪಿಂಗ್’ ಎನ್ನುತ್ತಾರೆ. ಯೊಸೆಮಿಟಿಯ ಸುತ್ತಲಿನ ಸ್ಟಾನಿಸ್ಲಾಸ್, ಸಿಯೆರಾ, ಇನ್ಯೊ ಫಾರೆಸ್ಟ್‌ಗಳಲ್ಲಿ ಹಲವು ಕಡೆ ಇದಕ್ಕೆ ಅವಕಾಶವಿದೆ. ಮೊದಲು ಆ ಫಾರೆಸ್ಟ್‌ನ ‘ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್’ ಇಳಿಸಿಕೊಳ್ಳಿ. ಇದಕ್ಕೆ ದುಡ್ಡಿಲ್ಲ. ಯಾವ ರಸ್ತೆಯಲ್ಲಿ ಗಾಡಿ ಬಿಡುತ್ತಾರೆ, ರಸ್ತೆಯಿಂದ ಎಷ್ಟು ಒಳಗೆ ನಿಲ್ಲಿಸಬಹುದು ಎಂಬುದು ಅದರಲ್ಲಿರುತ್ತದೆ. ಹೊಳೆ, ಕೆರೆಯಿಂದ 200 ಅಡಿ, ಅಂದರೆ ದೊಡ್ಡವರ 70 ಹೆಜ್ಜೆ ದೂರವಿರಿ. ಈಗಾಗಲೇ ಯಾರೋ ಟೆಂಟು ಹಾಕಿ ಹುಲ್ಲು ಸವೆದಿರುವ ಜಾಗವನ್ನೇ ಆರಿಸಿ, ಹೊಸ ಜಾಗ ಸವೆಸಬೇಡಿ. ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ನೀರು, ಶೌಚಾಲಯ, ಕಸದ ತೊಟ್ಟಿ ಯಾವುದೂ ಇರುವುದಿಲ್ಲ, ಫೋನ್ ಸಿಗ್ನಲ್ಲೂ ಸಿಗದಿರಬಹುದು.

ಯೊಸೆಮಿಟಿ ಇರುವ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ನಿಯಮವಿದೆ. ಕ್ಯಾಂಪ್‌ಗ್ರೌಂಡ್‌ನ ಹೊರಗೆ ಬೆಂಕಿ ಹಾಕುವುದಿರಲಿ, ಗ್ಯಾಸ್ ಸ್ಟೌ ಹಚ್ಚಲೂ ‘ಕ್ಯಾಂಪ್‌ಫೈರ್ ಪರ್ಮಿಟ್’ ಬೇಕು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೊರಡುವ ಮುಂಚೆ ಆ ಭಾಗದ ರೇಂಜರ್ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ: ಈ ರಸ್ತೆಯ ಪಕ್ಕ ಟೆಂಟು ಹಾಕಬಹುದೇ, ಬೆಂಕಿಗೆ ಈ ವಾರ ನಿರ್ಬಂಧವಿದೆಯೇ, ರಸ್ತೆ ತೆರೆದಿದೆಯೇ? ಇಂಟರ್‌ನೆಟ್‌ನ ನೂರು ರಿವ್ಯೂಗಿಂತ ಈ ಒಂದು ಫೋನ್ ಮೇಲು. ಆದರೂ ಮೊದಲ ಸಲದವರು ಡಿಸ್ಪರ್ಸ್ಡ್ ಕ್ಯಾಂಪಿಂಗ್‌ಗೆ ಕೈ ಹಾಕದಿರುವುದೇ ಒಳ್ಳೆಯದು. ಮೇಜು, ಒಳಗೆ ಬೆಂಕಿ ಹಾಕಲು ನೆಲದ ಮೇಲಿಟ್ಟ ಕಬ್ಬಿಣದ ಬಳೆ, ಶೌಚಾಲಯ ಇರುವ ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ರಾತ್ರಿ ಕಳೆದರೆ ನಿಮ್ಮ ಹತ್ತಿರ ಏನಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಕ್ಯಾಂಪಿಂಗ್ ಜಾಗ ಬುಕ್ ಮಾಡುವ ಸರ್ಕಾರಿ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಯಾವಾಗ ನೋಡಿದರೂ ವಾರಾಂತ್ಯಗಳೆಲ್ಲ ಭರ್ತಿ. ಬೇರೆ ದಾರಿ ಇದೆಯೇ? (ಡೆನ್ವರ್)

ಬೇಡಿಕೆಯ ಕ್ಯಾಂಪ್‌ಗ್ರೌಂಡ್‌ಗಳು ಸಾಮಾನ್ಯವಾಗಿ 6 ತಿಂಗಳು ಮುಂಚೆ, ದಿನಕ್ಕೊಂದು ತಾರೀಖಿನಂತೆ ತೆರೆಯುತ್ತವೆ. ಜುಲೈ 10ಕ್ಕೆ ಬೇಕಿದ್ದರೆ ಜನವರಿ 10ರಂದೇ ಲಾಗಿನ್ ಆಗಿ ಕಾದಿರಬೇಕು. ಹೆಚ್ಚಿನವು ತೆರೆಯುವುದು ಪೂರ್ವ ಕರಾವಳಿಯ ಬೆಳಗಿನ 10 ಗಂಟೆಗೆ, ಅಂದರೆ ನಿಮ್ಮ ಡೆನ್ವರ್‌ನಲ್ಲಿ 8ಕ್ಕೆ. ಅದು ತಪ್ಪಿತೋ, ಅದೇ ವೆಬ್‌ಸೈಟಿನಲ್ಲಿ, ಜಾಗ ಖಾಲಿಯಾದರೆ ತಿಳಿಸುವ ಅವೈಲೆಬಿಲಿಟಿ ಅಲರ್ಟ್ ಹಾಕಿಡಿ. ಹೊರಡುವ ಹಿಂದಿನ ವಾರ ಬುಕಿಂಗ್ ಬಿಡುವವರು ಬಹಳ.

ಬುಕಿಂಗ್ ಇಲ್ಲದ, ಮೊದಲು ಬಂದವರಿಗೆ ಕೊಡುವ ಜಾಗಗಳು ಎರಡನೆಯ ದಾರಿ. ಗುರುವಾರ ಮಧ್ಯಾಹ್ನ, ಹಿಂದಿನವರು ಖಾಲಿ ಮಾಡುವ ಹೊತ್ತಿಗೆ ಹೋಗಿ. ಶುಕ್ರವಾರ ಸಂಜೆ ಹೋದರೆ ಸುತ್ತು ಹೊಡೆದು ವಾಪಸ್ ಬರುತ್ತೀರಿ. ಕಂಬದಲ್ಲಿ ಚೀಟಿ ಇಲ್ಲದ ಸೈಟ್ (ಒಂದು ತಂಡದ ಟೆಂಟಿಗೆ ಇಟ್ಟ ಜಾಗ) ಕಂಡರೆ ಒಬ್ಬರು ಅಲ್ಲೇ ಇಳಿದು ಕುರ್ಚಿ ಹಾಕಿ ಕೂರಲಿ. ಇನ್ನೊಬ್ಬರು ಬಾಗಿಲ ಬಳಿಯ ಬೋರ್ಡಿನಿಂದ ಲಕೋಟೆ ತೆಗೆದು, ಸೈಟ್ ನಂಬರು, ಗಾಡಿ ನಂಬರು, ಎಷ್ಟು ರಾತ್ರಿ ಎಂದು ಬರೆದು, ದುಡ್ಡು ಹಾಕಿ ಕಬ್ಬಿಣದ ಕೊಳವೆಗೆ ಇಳಿಸಲಿ. ಇದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಗಡುವು. ಲಕೋಟೆಯಿಂದ ಹರಿದ ಚೀಟಿಯನ್ನು ಸೈಟ್ ಕಂಬಕ್ಕೆ ಸಿಕ್ಕಿಸಿದ ಮೇಲೆಯೇ ಅದು ನಿಮ್ಮದು. ಕೊಳವೆ ಚಿಲ್ಲರೆ ಕೊಡುವುದಿಲ್ಲ, ಒಂದು, ಐದರ ನೋಟುಗಳಿರಲಿ.

ಬುಕ್ ಮಾಡಿ ಹೋಗಲಾಗದಿದ್ದರೆ ರದ್ದು ಮಾಡಲು 10 ಡಾಲರ್. ಹೇಳದೆ ಕೇಳದೆ ತಪ್ಪಿಸಿಕೊಂಡರೆ 20 ಡಾಲರ್ ಜೊತೆಗೆ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ. ಕಾಡ್ಗಿಚ್ಚಿನಿಂದ ಅವರೇ ಮುಚ್ಚಿದರೆ ಪೂರ್ತಿ ಹಣ ಬರುತ್ತದೆ.

ಪ್ರಶ್ನೆ: ನನಗೆ 68, ನನ್ನವರಿಗೆ 72. ಮಗನ ಮನೆಗೆ ವಿಸಿಟರ್ ವೀಸಾದಲ್ಲಿ ಹೋಗುತ್ತಿದ್ದೇವೆ. ಸೀನಿಯರ್ ಪಾಸ್ ಸಿಗುತ್ತದೆಯೇ? (ಮೈಸೂರು)

ಇಲ್ಲ. ಪ್ರವೇಶ ಶುಲ್ಕದ ಬದಲಿಗೆ ತೋರಿಸುವ ಈ ಪಾಸ್ 62 ತುಂಬಿದ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಮಗನ ಹತ್ತಿರ ವಾರ್ಷಿಕ ಪಾಸ್ ಇದ್ದು, ಗಾಡಿ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುವ ಜಾಗವಾದರೆ ಅವನ ಕಾರಿನಲ್ಲಿರುವ ನಿಮಗೂ ಅದೇ ಸಾಕು. ಆ ಪಾಸ್ ಪ್ರವೇಶಕ್ಕೆ ಮತ್ತು ದಿನದ ಬಳಕೆಗೆ, ಕ್ಯಾಂಪ್‌ಗ್ರೌಂಡ್ ಬಾಡಿಗೆ ಬೇರೆ ಕೊಡಬೇಕು.

ಪ್ರಶ್ನೆ: ನಮ್ಮ ಅಡುಗೆಯ ಒಗ್ಗರಣೆ ವಾಸನೆಗೆ ಕರಡಿ ಬರುತ್ತದೆಯೇ? ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಸಾಕಲ್ಲವೇ? (ಸನಿವೇಲ್)

ಸಾಲದು. ಕರಡಿಯ ಮೂಗಿಗೆ ಸ್ಟೀಲ್ ಡಬ್ಬಿಯ ಮುಚ್ಚಳ ಲೆಕ್ಕಕ್ಕಿಲ್ಲ. ಒಗ್ಗರಣೆ ಒಂದೇ ಅಲ್ಲ, ತುಪ್ಪದ ಶೀಶೆ, ಚಟ್ನಿಪುಡಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಊದುಬತ್ತಿ, ಮಗುವಿನ ಕಾರ್ ಸೀಟಿನ ಸಂದಿಯಲ್ಲಿರುವ ಬಿಸ್ಕತ್ತಿನ ಪುಡಿ ಎಲ್ಲವೂ ಅದಕ್ಕೆ ಊಟವೇ. ನಮ್ಮವರು ಆಹಾರವನ್ನು ಸರಿಯಾಗಿಯೇ ಎತ್ತಿಡುತ್ತಾರೆ, ಮರೆಯುವುದು ಈ ಎಣ್ಣೆ, ಪೇಸ್ಟುಗಳನ್ನು. ಸಿಯೆರಾ ಬೆಟ್ಟಗಳ ಕಪ್ಪು ಕರಡಿಗಳು ಕಾರಿನ ಬಾಗಿಲು ಕಿತ್ತು ಒಳಗೆ ಹುಡುಕಿರುವುದೂ ಉಂಟು. ಆದ್ದರಿಂದ ಕಾರು ಸುರಕ್ಷಿತ ಎಂದು ತಿಳಿಯಬೇಡಿ.

ಕರಡಿ ಕಾಟವಿರುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೈಟಿನಲ್ಲೇ ನೆಲಕ್ಕೆ ಬಿಗಿದ ಲೋಹದ ಪೆಟ್ಟಿಗೆ ಇರುತ್ತದೆ. ವಾಸನೆ ಇರುವುದೆಲ್ಲ ಅದರೊಳಗೆ. ರಾತ್ರಿಗೆ ಮಾತ್ರವಲ್ಲ, ಅರ್ಧ ಗಂಟೆ ಹೊಳೆಗೆ ಹೋಗಿಬರುವಾಗಲೂ ಚಿಲಕ ಪೂರ್ತಿ ಕೂತಿದೆಯೇ ಎಂದು ಎಳೆದು ನೋಡಿ. ಎಣ್ಣೆ ಸಿಡಿದ ಬಟ್ಟೆಯಲ್ಲಿ ಟೆಂಟಿನೊಳಗೆ ಮಲಗಬೇಡಿ.

ಬೆನ್ನಿಗೆ ಚೀಲ ಹಾಕಿ ಒಳಗೆ ನಡೆದುಹೋಗುವವರಿಗೆ ಕರಡಿ ಡಬ್ಬ, ಅಂದರೆ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬ ಬೇಕು. ಇನ್ಯೊ ಫಾರೆಸ್ಟ್‌ನ ಹಲವು ಭಾಗಗಳಲ್ಲಿ ಅದು ಕಡ್ಡಾಯ. ಹೆಚ್ಚು ಬಳಕೆಯಲ್ಲಿರುವ ಬೇರ್‌ವಾಲ್ಟ್ 500ರಲ್ಲಿ 11.5 ಲೀಟರ್ ಹಿಡಿಯುತ್ತದೆ, ತೂಕ ಸುಮಾರು 1.2 ಕಿಲೋ. ಚಪಾತಿಯನ್ನು ಡಬ್ಬದ ಗೋಡೆಗೆ ಸುತ್ತಿ, ಪುಡಿಗಳನ್ನು ಜಿಪ್ ಚೀಲದಲ್ಲಿ ಗಾಳಿ ತೆಗೆದು ತುಂಬಿದರೆ ಜಾಗ ಉಳಿಯುತ್ತದೆ. ರಾತ್ರಿ ಟೆಂಟಿನಿಂದ 100 ಅಡಿಯಾದರೂ ಆಚೆ, ಸಮತಟ್ಟು ನೆಲದಲ್ಲಿಡಿ. ಇಳಿಜಾರಿನಲ್ಲೋ ಹೊಳೆಯ ದಂಡೆಯಲ್ಲೋ ಇಟ್ಟರೆ ಕರಡಿ ಉರುಳಿಸಿಕೊಂಡು ಹೋದದ್ದು ಸಿಗುವುದಿಲ್ಲ. ಕೆಲವು ರೇಂಜರ್ ಸ್ಟೇಷನ್‌ಗಳಲ್ಲಿ ಬಾಡಿಗೆಗೂ ಕೊಡುತ್ತಾರೆ.

ಯೆಲ್ಲೊಸ್ಟೋನ್ ಸುತ್ತಲಿನ ಫಾರೆಸ್ಟ್‌ಗಳ ಮಾತೇ ಬೇರೆ, ಅಲ್ಲಿ ಕಪ್ಪು ಕರಡಿಗಿಂತ ದೊಡ್ಡದಾದ ಗ್ರಿಜ್ಲಿ ಕರಡಿ ಇದೆ. ಆಹಾರವನ್ನು ಮರಕ್ಕೆ ನೇತುಹಾಕುವುದಾದರೆ ನೆಲದಿಂದ 10 ಅಡಿ ಮೇಲೆ, ಕಾಂಡದಿಂದ 4 ಅಡಿ ಆಚೆ ಇರಬೇಕು. ಮೇಲೆ ಬರುವ ಕರಡಿಗೆ ಹೊಡೆಯುವ ಖಾರದ ಬೇರ್ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ. ವಿಮಾನದಲ್ಲಿ ಚೆಕ್-ಇನ್ ಸಾಮಾನಿನಲ್ಲೂ ಅದನ್ನು ಬಿಡುವುದಿಲ್ಲ, ಅಲ್ಲಿ ಇಳಿದ ಮೇಲೇ ಕೊಳ್ಳಬೇಕು.

ಪ್ರಶ್ನೆ: ಕೊಲರಾಡೊದಲ್ಲಿ 9,000 ಅಡಿ ಎತ್ತರದ ಕ್ಯಾಂಪ್‌ಗ್ರೌಂಡ್. ತೊಗರಿಬೇಳೆ ಎರಡು ಗಂಟೆ ಬೇಯಿಸಿದರೂ ಕಾಳುಕಾಳಾಗಿಯೇ ಇತ್ತು. ಬೇಳೆಯ ದೋಷವೇ? (ಆಸ್ಟಿನ್)

ಎತ್ತರದ ದೋಷ. 9,000 ಅಡಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟು ಏರಿಸಿದರೂ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಬರೀ ಬೇಗ ಆವಿಯಾಗುತ್ತದೆ. ಕುಕ್ಕರ್ ಒಯ್ಯಿರಿ, 3 ಲೀಟರಿನದು ನಾಲ್ವರಿಗೆ ಸಾಕು. ಕುಕ್ಕರಿನೊಳಗೂ ಊರಿನಲ್ಲಿ ಸಿಗುವ 120 ಡಿಗ್ರಿ ಸಿಗದು, ಸುಮಾರು 115 ಸಿಗುತ್ತದೆ. ಹಾಗಾಗಿ ಮನೆಯ ಸಮಯದ ಮೇಲೆ ಮೂರನೇ ಒಂದು ಪಾಲು ಸೇರಿಸಿ: ಮನೆಯಲ್ಲಿ ಮೂರು ಸಲ ಕೂಗಿಸುವವರು ಅಲ್ಲಿ ನಾಲ್ಕು ಸಲ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಹುಣಸೆರಸ, ಉಪ್ಪು ಬೆಂದ ಮೇಲೇ ಹಾಕಿ. ಹೆಸರುಬೇಳೆಯಾದರೆ ಈ ತಾಪತ್ರಯ ಅರ್ಧಕ್ಕರ್ಧ ಕಡಿಮೆ.

ಸ್ಟೌ ವಿಷಯದಲ್ಲಿ ಎಚ್ಚರ. ಸಣ್ಣ ಗ್ಯಾಸ್ ಡಬ್ಬಿಯ ನೆತ್ತಿಗೇ ತಿರುಗಿಸಿ ಕೂರಿಸುವ ಸ್ಟೌ ಮೇಲೆ ಕುಕ್ಕರಾಗಲಿ ದೋಸೆಕಾವಲಿಯಾಗಲಿ ಇಡಬೇಡಿ. ಅಗಲ ತಳದಿಂದ ಶಾಖ ಕೆಳಗೆ ತಿರುಗಿ ಡಬ್ಬಿ ಕಾದು ಸಿಡಿಯಬಹುದು. ಗಾಳಿಗೆ ಮರೆಯೆಂದು ಸುತ್ತ ತಗಡು ನಿಲ್ಲಿಸಿದರಂತೂ ಅಪಾಯ ದುಪ್ಪಟ್ಟು. ಸಿಲಿಂಡರ್ ಪಕ್ಕಕ್ಕೆ ಜೋಡಿಸುವ ಎರಡು ಬರ್ನರ್‌ನ ಸ್ಟೌ ನಮ್ಮ ಅಡುಗೆಗೆ ಸರಿ. 16.4 ಔನ್ಸ್‌ನ ಪ್ರೊಪೇನ್ ಸಿಲಿಂಡರ್ ಎರಡೂ ಉರಿ ಪೂರ್ತಿ ಇಟ್ಟರೆ ಸುಮಾರು ಒಂದು ಗಂಟೆ ಬರುತ್ತದೆ. ನಾಲ್ವರು ಎರಡು ದಿನಕ್ಕೆ ಎರಡು ಒಯ್ದು, ಮೂರನೆಯದು ಕಾರಿನಲ್ಲಿರಲಿ. ಬ್ಯೂಟೇನ್ ಡಬ್ಬಿ ಚಳಿಗೆ ಆಗದು. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದರೊಳಗಿನ ದ್ರವ ಅನಿಲವಾಗುವುದೇ ಇಲ್ಲ, ಬೆಳಗಿನ ಕಾಫಿಗೆ ಕೈಕೊಡುತ್ತದೆ. ಮಳೆ ಬಂತೆಂದು ಸ್ಟೌವನ್ನು ಟೆಂಟಿನೊಳಗೆ ಎಂದಿಗೂ ಹಚ್ಚಬೇಡಿ. ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಪ್ರಶ್ನೆ: ಸಂಕೋಚದ ಪ್ರಶ್ನೆ. ನೀರಿಲ್ಲದ ಶೌಚಾಲಯದಲ್ಲಿ, ಅದೂ ಇಲ್ಲದ ಕಾಡಿನಲ್ಲಿ, ನೀರು ಬಳಸುವ ನಾವು ಏನು ಮಾಡಬೇಕು? (ಹೆಸರು, ಊರು ಬೇಡ)

ಸಂಕೋಚ ಬೇಡ, ಎಲ್ಲರೂ ಕೇಳಬೇಕಾದದ್ದೇ. ಕ್ಯಾಂಪ್‌ಗ್ರೌಂಡ್‌ನ ಶೌಚಾಲಯ ಸಾಮಾನ್ಯವಾಗಿ ಕಾಂಕ್ರೀಟ್ ಗುಂಡಿಯ ಮೇಲಿನ ಕೋಣೆ, ನಲ್ಲಿಯಿರುವುದಿಲ್ಲ. ಮೂತಿ ಬಾಗಿದ, ಒತ್ತಿದರೆ ನೀರು ಚಿಮ್ಮುವ ಬಾಟಲಿ ಒಯ್ಯಿರಿ. ಅರ್ಧ ಲೀಟರ್ ಸಾಕು, ನೆಲವೂ ಒದ್ದೆಯಾಗುವುದಿಲ್ಲ. ಡೈಪರು, ಪ್ಲಾಸ್ಟಿಕ್ ಏನನ್ನೂ ಗುಂಡಿಗೆ ಹಾಕಬೇಡಿ. ಖಾಲಿ ಮಾಡಲು ಬರುವ ಲಾರಿಯ ಪೈಪು ಕಟ್ಟಿಕೊಳ್ಳುತ್ತದೆ, ಕೈಹಾಕಿ ತೆಗೆಯುವವರು ಮನುಷ್ಯರೇ.

ಕಾಡಿನಲ್ಲಾದರೆ ನೀರು, ದಾರಿ, ಟೆಂಟು ಮೂರರಿಂದಲೂ 200 ಅಡಿ ದೂರ ಹೋಗಿ ಸಣ್ಣ ಸಲಿಕೆಯಿಂದ 6ರಿಂದ 8 ಅಂಗುಲ ಆಳದ ಗುಂಡಿ ತೋಡಿ. ಅದಕ್ಕಿಂತ ಮೇಲಾದರೆ ಪ್ರಾಣಿಗಳು ಕೆದಕುತ್ತವೆ, ಕೆಳಗಾದರೆ ಕೊಳೆಯಿಸುವ ಜೀವಿಗಳು ಕಡಿಮೆ. ಗುಂಡಿಯ ಮೇಲೆಯೇ ತೊಳೆದುಕೊಂಡು ಮಣ್ಣು ಮುಚ್ಚಿ. ಕಾಗದ ಬಳಸಿದವರು ಅದನ್ನು ಚೀಲದಲ್ಲಿ ವಾಪಸ್ ತರಬೇಕು, ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಹಗುರ. ಕೈ ತೊಳೆಯುವ ಸೋಪು, ಪರಿಸರಸ್ನೇಹಿ ಎಂದು ಬರೆದಿದ್ದರೂ, ಹೊಳೆಗೆ ಬೀಳಬಾರದು. ಬಂಡೆಯೇ ಹೆಚ್ಚಿರುವ ಎತ್ತರದ ಜಾಗಗಳಲ್ಲಿ ಗುಂಡಿಯೂ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಮೌಂಟ್ ವಿಟ್ನಿ ಶಿಖರ ಹತ್ತುವವರು ಮಲವನ್ನೂ ಅದಕ್ಕೆಂದೇ ಇರುವ ಚೀಲದಲ್ಲಿ ಹೊತ್ತು ಇಳಿಸಲೇಬೇಕು.

ಪ್ರಶ್ನೆ: ಸೌದೆಯನ್ನು ಮನೆಯಿಂದಲೇ ಒಯ್ಯಬಹುದೇ? (ಡೆಟ್ರಾಯಿಟ್)

ಬೇಡ. 2002ರಲ್ಲಿ ನಿಮ್ಮ ಮಿಷಿಗನ್‌ನಲ್ಲೇ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ, ಆ್ಯಶ್ ಮರಗಳನ್ನು ಕೊರೆದು ಸಾಯಿಸುವ ಹುಳು ದೂರದ ರಾಜ್ಯಗಳಿಗೆ ಹಬ್ಬಿದ್ದರಲ್ಲಿ ಇಂಥ ಸೌದೆಯ ಪಾಲು ದೊಡ್ಡದು. ಕ್ಯಾಂಪ್‌ಗ್ರೌಂಡ್ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ. ಕಾಡ್ಗಿಚ್ಚಿನ ಭಯವಿರುವಾಗ ಹಾಕುವ ಬೆಂಕಿ ನಿರ್ಬಂಧದ ಮೊದಲ ಹಂತದಲ್ಲಿ ಕ್ಯಾಂಪ್‌ಗ್ರೌಂಡ್‌ನ ಬಳೆಯೊಳಗೆ ಮಾತ್ರ ಬೆಂಕಿ. ಎರಡನೆಯ ಹಂತದಲ್ಲಿ ಸೌದೆ, ಇದ್ದಿಲು ಯಾವುದೂ ಇಲ್ಲ, ತಿರುಗಿಸಿ ಆರಿಸುವ ಗ್ಯಾಸ್ ಸ್ಟೌಗೆ ಮಾತ್ರ ಸಾಮಾನ್ಯವಾಗಿ ಅವಕಾಶ. ಆರಿಸುವಾಗ ಬಕೆಟ್ ನೀರು ಸುರಿದು, ಸಲಿಕೆಯಿಂದ ಕಲಕಿ, ಮತ್ತೆ ಸುರಿದು, ಕೈಯ ಹಿಂಬದಿ ಹತ್ತಿರ ಹಿಡಿದು ನೋಡಿ. ಬಿಸಿ ಇದ್ದರೆ ಆರಿಲ್ಲ. ಬರೀ ಮಣ್ಣು ಮುಚ್ಚಿದರೆ ಕೆಂಡ ಒಳಗೇ ಉಳಿಯುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಕೂಟದ 90 ಜನ ಫಾರೆಸ್ಟ್‌ನಲ್ಲಿ ಪಿಕ್ನಿಕ್ ಮಾಡಬೇಕೆಂದಿದ್ದೇವೆ. ಅನುಮತಿ ಬೇಕೇ? (ಪೋರ್ಟ್‌ಲೆಂಡ್)

ಬೇಕು. 75 ಅಥವಾ ಹೆಚ್ಚು ಜನ ಸೇರಿದರೆ ವ್ಯಾಪಾರವಲ್ಲದ ಕೂಟಕ್ಕೂ ಸ್ಪೆಷಲ್ ಯೂಸ್ ಪರ್ಮಿಟ್ ಬೇಕು. ನೋಡಲು ಬಂದವರೂ ಲೆಕ್ಕಕ್ಕೆ ಸೇರುತ್ತಾರೆ. ಇದಕ್ಕೆ ಶುಲ್ಕವಿಲ್ಲ, 72 ಗಂಟೆ ಮುಂಚೆಯಾದರೂ ಅರ್ಜಿ ಕೊಡಬೇಕು. ವಾಸ್ತವದಲ್ಲಿ ಒಂದು ತಿಂಗಳು ಮುಂಚೆ ಕೇಳುವುದು ಜಾಣತನ. ಕೂಟಗಳು ಎಡವುವುದು ಇನ್ನೊಂದು ಕಡೆ: ತಲೆಗಿಷ್ಟು ಎಂದು ಭಾಗವಹಿಸುವ ಶುಲ್ಕ ವಸೂಲು ಮಾಡಿದರೆ, ಲಾಭವಿಲ್ಲದಿದ್ದರೂ, ನಿಯಮದ ಪ್ರಕಾರ ಅದು ವಾಣಿಜ್ಯ ಬಳಕೆ. ಆಗ ಬೇರೆ ಪರ್ಮಿಟ್ಟು, ಬೇರೆ ಶುಲ್ಕ. ಊಟದ ಖರ್ಚು ಹೇಗೆ ಹಂಚಿಕೊಳ್ಳುತ್ತೀರೆಂದು ಅರ್ಜಿಗೆ ಮೊದಲೇ ರೇಂಜರ್ ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿ. ಗಾಡಿ ನಿಲ್ಲಿಸುವ ಜಾಗ 90 ಜನಕ್ಕೆ ಸಾಲುತ್ತದೆಯೇ ಎಂದೂ ಆಗಲೇ ಕೇಳಿ, ಒಂದೇ ಬಸ್ಸಿನಲ್ಲಿ ಹೋಗುವುದು ವಾಸಿ.

ಪ್ರಶ್ನೆ: ಟ್ರೇಲ್‌ಹೆಡ್‌ಗೆಂದು (ಚಾರಣದ ದಾರಿ ಶುರುವಾಗುವ ಜಾಗ) ಗೂಗಲ್ ಮ್ಯಾಪ್ ತೋರಿಸಿದ ದಾರಿಯಲ್ಲಿ ನಮ್ಮ ಸೆಡಾನ್ ಕಲ್ಲಿಗೆ ತಗುಲಿ ನಿಂತಿತು. ಮೊದಲೇ ತಿಳಿಯುವುದು ಹೇಗೆ? (ಸಿಯಾಟಲ್)

ಕವಲಿನಲ್ಲಿ ನಿಂತು ರಸ್ತೆ ನಂಬರಿನ ಫಲಕ ನೋಡಿ. ಅಂಕಿಗಳನ್ನು ಅಡ್ಡಡ್ಡ ಬರೆದಿದ್ದರೆ ಸಾಮಾನ್ಯ ಕಾರಿಗೆ ಇಟ್ಟ ರಸ್ತೆ. ಒಂದರ ಕೆಳಗೊಂದು ಉದ್ದುದ್ದ ಬರೆದಿದ್ದರೆ ನೆಲದಿಂದ ಎತ್ತರವಿರುವ ಗಾಡಿಗೆ ಮಾತ್ರ, ಸೆಡಾನ್ ಅಲ್ಲಿಂದಲೇ ತಿರುಗಿಸಿ. ಕ್ಯಾಸ್ಕೇಡ್ಸ್ ಬೆಟ್ಟಗಳ ಎತ್ತರದ ರಸ್ತೆಗಳಲ್ಲಿ ಜುಲೈವರೆಗೂ ಹಿಮವಿರುವುದುಂಟು, ಮ್ಯಾಪ್ ಅದನ್ನು ಹೇಳುವುದಿಲ್ಲ. ಹಲವು ಟ್ರೇಲ್‌ಹೆಡ್‌ಗಳಲ್ಲಿ ಗಾಡಿ ನಿಲ್ಲಿಸಲು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು, ದಿನಕ್ಕೆ 5 ಡಾಲರ್, ವರ್ಷಕ್ಕೆ 30. ಸಿಗ್ನಲ್ ಇಲ್ಲದ ಕಡೆ ಆನ್‌ಲೈನ್‌ನಲ್ಲಿ ಕೊಳ್ಳಲಾಗದು, ಊರು ಬಿಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ.