ಜಪಾನಿನ ಇಂಜಿನಿಯರ್ ಒಬ್ಬರನ್ನು ನಮ್ಮ ತುಮಕೂರಿನ ಕಾರ್ಖಾನೆಗೆ ಬಿಸಿನೆಸ್ ವೀಸಾದಲ್ಲಿ ಕರೆಸಬಹುದಾ?

ನೀವು ಕೇಳಿರುವುದು ಇಷ್ಟು. ವಸಂತನರಸಾಪುರದಲ್ಲಿ ನಿಮ್ಮದು ಮೆಷಿನ್ ಟೂಲ್ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಜಪಾನಿನ ಇಂಜಿನಿಯರ್ ಒಬ್ಬರು ಎರಡು ವರ್ಷ ಬಂದು ಕೆಲಸ ಮಾಡಲು ಒಪ್ಪಿದ್ದಾರೆ. ಮೊದಲು ಬಿಸಿನೆಸ್ ವೀಸಾದಲ್ಲಿ ಕರೆಸಿ, ಆಮೇಲೆ ಇಲ್ಲೇ ಬದಲಾಯಿಸಿಕೊಂಡರೆ ಆಗುತ್ತದಾ?

ದಯವಿಟ್ಟು ಹಾಗೆ ಮಾಡಬೇಡಿ. ನಾನು ಇದೇ ಕೈಗಾರಿಕಾ ಪ್ರದೇಶದಲ್ಲಿ ಎಚ್‌ಆರ್ ಕೆಲಸದಲ್ಲಿದ್ದೇನೆ, ವಿದೇಶಿ ನೌಕರರ ಕಾಗದಪತ್ರ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಬಿಸಿನೆಸ್ ವೀಸಾ ಇರುವುದು ಮೀಟಿಂಗ್‌ಗೆ, ವ್ಯಾಪಾರದ ಮಾತುಕತೆಗೆ, ನಾಲ್ಕು ದಿನ ಬಂದು ಕೆಲಸ ಹೇಗೆ ನಡೆದಿದೆ ಎಂದು ನೋಡಿ ಹೋಗುವುದಕ್ಕೆ. ನಿಮ್ಮಿಂದ ಸಂಬಳ ಪಡೆದು ಎರಡು ವರ್ಷ ಶಾಪ್ ಫ್ಲೋರ್‌ನಲ್ಲಿ ನಿಲ್ಲುವವರಿಗೆ ಎಂಪ್ಲಾಯ್‌ಮೆಂಟ್ ವೀಸಾನೇ ಬೇಕು. ಇಲ್ಲಿಗೆ ಬಂದ ಮೇಲೆ ಅದನ್ನು ಇದಕ್ಕೆ ಬದಲಾಯಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ತಪ್ಪು ವೀಸಾದಲ್ಲಿ ಸಿಕ್ಕಿಬಿದ್ದರೆ ದೇಶ ಬಿಡಿ ಎಂದು ಹೇಳಿಸಿಕೊಳ್ಳುವವರು ಅವರು. ಮುಂದಿನ ವೀಸಾಕ್ಕೆ ಒದ್ದಾಡುವವರೂ ಅವರೇ. ನಿಮ್ಮನ್ನು ನಂಬಿ ಬರುವ ಮನುಷ್ಯನಿಗೆ ಹಾಗಾಗಬಾರದು ಅಲ್ವಾ?

ಮೊದಲು ಸಂಬಳ ನೋಡಿ. ಎಂಪ್ಲಾಯ್‌ಮೆಂಟ್ ವೀಸಾಕ್ಕೆ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಜಾಸ್ತಿ ಇರಬೇಕು. ನೀವು ಬಾಡಿಗೆ ಇಲ್ಲದೆ ಮನೆ ಕೊಟ್ಟರೆ, ಅದು ಆದಾಯ ತೆರಿಗೆಯ ಲೆಕ್ಕಕ್ಕೆ ಬರುವಂಥದ್ದಾದರೆ, ಈ ಮೊತ್ತದಲ್ಲಿ ಸೇರುತ್ತದೆ. ಆದರೆ ಒಪ್ಪಂದದಲ್ಲಿ ಅದನ್ನು ಬಿಡಿಸಿ ಬರೆದಿರಬೇಕು. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಅವರ ದೇಶದ ಅಡುಗೆ ಮಾಡುವ ಬಾಣಸಿಗರು, ದುಭಾಷಿಗಳು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಇಂಥವರಿಗೆ ಈ ಮಿತಿ ಇಲ್ಲ. ಇಂಜಿನಿಯರ್‌ಗೆ ಇದೆ.

ಅರ್ಜಿಯನ್ನು ಅವರು ತಮ್ಮ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಗೆ ಕೊಡುತ್ತಾರೆ. ಒಪ್ಪಂದ, ಕಂಪನಿಯ ನೋಂದಣಿ ಪತ್ರ, ಅವರ ಓದು ಮತ್ತು ಅನುಭವದ ದಾಖಲೆ, ಇವೆಲ್ಲ ಹೇಗೂ ಕೂಡಿಸುತ್ತೀರಿ. ನಿಜವಾದ ಕೆಲಸ ಇರುವುದು ನೀವು ಬರೆಯುವ ಪತ್ರದಲ್ಲಿ. ಈ ಕೆಲಸಕ್ಕೆ ಭಾರತದವರೇ ಯಾಕೆ ಸಾಲದು ಎಂದು ಅದರಲ್ಲಿ ಹೇಳಬೇಕು. ಇಲ್ಲಿ ಜನ ಸಿಗುವ ಕೆಲಸಕ್ಕೆ, ಗುಮಾಸ್ತೆಯಂಥ ಮಾಮೂಲಿ ಕೆಲಸಕ್ಕೆ ಈ ವೀಸಾ ಕೊಡುವುದಿಲ್ಲ. ಅದು ನ್ಯಾಯವಾದ ನಿಯಮ ಎಂದೇ ನನ್ನ ಅಭಿಪ್ರಾಯ. ನಮ್ಮ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಿನಿಂದ, ಐಟಿಐಗಳಿಂದ ಪ್ರತಿ ವರ್ಷ ಮಕ್ಕಳು ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾರೆ. ಹಾಗಾಗಿ 'ಜಪಾನಿನ ಪರಿಣತಿ ಬೇಕಾಗಿದೆ' ಎಂದು ಸುಮ್ನೆ ಒಂದು ಸಾಲು ಗೀಚಿ ಕಳಿಸಬೇಡಿ. ಯಾವ ಯಂತ್ರ, ಅದರಲ್ಲಿ ಯಾವ ಹಂತದ ಕೆಲಸ, ಅವರು ಅದನ್ನು ಎಲ್ಲಿ ಮಾಡಿದ್ದಾರೆ, ನಿಮ್ಮ ಯಾವ ಹುಡುಗರಿಗೆ ಏನು ಕಲಿಸಿ ಹೋಗುತ್ತಾರೆ, ಎಲ್ಲ ಬರೆಯಿರಿ. ಬರೆಯಲು ಕೂತಾಗ ಉತ್ತರ ಹೊಳೆಯದಿದ್ದರೆ, ನಿಮಗೆ ಅವರು ನಿಜವಾಗಿ ಬೇಕಾ ಎಂದು ಇನ್ನೊಮ್ಮೆ ಯೋಚಿಸಿ.

ಅದರ ಜೊತೆಗೆ ಒಂದು ಮುಚ್ಚಳಿಕೆಗೂ ಸಹಿ ಹಾಕುತ್ತೀರಿ. ಇಲ್ಲಿರುವಷ್ಟು ದಿನ ಅವರ ನಡವಳಿಕೆಗೆ ಕಂಪನಿ ಹೊಣೆ, ಏನಾದರೂ ಆದರೆ ವಾಪಸ್ ಕಳಿಸುವ ಖರ್ಚೂ ಕಂಪನಿಯದೇ ಎಂದು ಅದರಲ್ಲಿರುತ್ತದೆ. ಮಾಲೀಕರು ಅದನ್ನು ಓದಿಯೇ ಸಹಿ ಮಾಡಲಿ. ಈ ವೀಸಾದಲ್ಲಿ ಬಂದವರು ನಿಮ್ಮನ್ನು ಬಿಟ್ಟು ಪಕ್ಕದ ಕಂಪನಿಗೆ ಸೇರುವಂತಿಲ್ಲ. ಕೆಲಸದಿಂದ ತೆಗೆದರೆ ಅವರು ಊರಿಗೆ ಹೊರಡಬೇಕಾಗುತ್ತದೆ. ಹೆಂಡತಿ ಮಕ್ಕಳು ಜೊತೆಗೆ ಬಂದರೆ ಅವರಿಗೆ ಬೇರೆ ಎಂಟ್ರಿ ವೀಸಾ. ಅದರಲ್ಲಿ ಕೆಲಸ ಮಾಡುವಂತಿಲ್ಲ, ಇದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಬಂದ ಮೇಲೆ 14 ದಿನದೊಳಗೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಇದು 180 ದಿನಕ್ಕಿಂತ ಹೆಚ್ಚಿನ ವೀಸಾ ಇರುವವರಿಗೆ. ಈಗ ಆನ್‌ಲೈನ್‌ನಲ್ಲೇ ಮುಗಿಯುತ್ತದೆ, ಕರೆದರೆ ಮಾತ್ರ ಕಚೇರಿಗೆ ಹೋದರೆ ಸಾಕು.

ನಮ್ಮ ಕಡೆ ತಡವಾಗುವುದು ಮನೆಯ ವಿಷಯದಲ್ಲಿ. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಮನೆ ಮಾಲೀಕರು ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಫಾರ್ಮ್ ಸಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಬೆಂಗಳೂರಿನ ಹೋಟೆಲ್‌ಗಳಿಗೆ ಇದು ದಿನನಿತ್ಯದ ಕೆಲಸ. ಎಸ್.ಎಸ್. ಪುರಂನಲ್ಲಿ ಮೇಲಿನ ಮನೆ ಬಾಡಿಗೆಗೆ ಕೊಡುವ ನಿವೃತ್ತ ಮೇಷ್ಟ್ರಿಗೆ ಹೇಗೆ ಗೊತ್ತಿರಬೇಕು? ಪೊಲೀಸ್ ಎನ್ನುವ ಮಾತು ಕೇಳಿದರೇ ಕೆಲವರು ಮನೆ ಕೊಡುವುದಿಲ್ಲ ಎನ್ನುತ್ತಾರೆ. ನೀವೇ ಹೋಗಿ ಕೂತು, ವಿವರಿಸಿ, ಅವರ ಹೆಸರಲ್ಲಿ ಲಾಗಿನ್ ಮಾಡಿಸಿಕೊಡಿ. ಇಂಜಿನಿಯರ್ ವಿಮಾನ ಹತ್ತುವ ಮೊದಲೇ ಇದು ಮುಗಿದಿರಲಿ. ಇನ್ನೊಂದು ವಿಷಯ, 1946ರ ವಿದೇಶಿಯರ ಕಾಯ್ದೆ ಈಗ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಯಾರೋ ಕೊಟ್ಟ ಹಳೇ ಪತ್ರದ ಮಾದರಿಯನ್ನು ಹಾಗೇ ನಕಲು ಮಾಡಬೇಡಿ.

ಉಳಿದಿದ್ದು ಪಿಎಫ್. ಜಪಾನಿನ ಕಂಪನಿಯೇ ಅವರನ್ನು ತನ್ನ ನೌಕರರಾಗಿ ಇಟ್ಟುಕೊಂಡು ಇಲ್ಲಿಗೆ ಕಳಿಸುತ್ತಿದ್ದರೆ, 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದ ಪ್ರಕಾರ ಅಲ್ಲಿಂದ ಒಂದು ಪ್ರಮಾಣಪತ್ರ ತಂದರೆ ಇಲ್ಲಿ ಕಟ್ಟಬೇಕಿಲ್ಲ. ನೀವೇ ನೇರವಾಗಿ ನೇಮಿಸಿಕೊಂಡರೆ ಪಿಎಫ್ ಇಲಾಖೆ ಪೂರ್ತಿ ಸಂಬಳದ ಮೇಲೆ ಕೇಳುತ್ತದೆ, 15,000 ರೂಪಾಯಿಯ ಮಿತಿ ವಿದೇಶಿಯರಿಗೆ ಇಲ್ಲ ಎನ್ನುವುದು ಅದರ ನಿಲುವು. ಆ ವಿಶೇಷ ನಿಯಮವನ್ನು ನಮ್ಮ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತ್ತು. ಹಾಗಾಗಿ ಸಂಬಳ ನಿಗದಿ ಮಾಡುವ ಮೊದಲು ಪಿಎಫ್ ಕೆಲಸ ಗೊತ್ತಿರುವ ವಕೀಲರೊಬ್ಬರನ್ನು ಕೇಳಿ.

ಅವರು ಯಾರ ಸಂಬಳದಲ್ಲಿ ಇರುತ್ತಾರೆ, ನಿಮ್ಮದಾ, ಅಲ್ಲಿನ ಕಂಪನಿಯದಾ? ಅದನ್ನು ನೀವು ಬರೆದಿಲ್ಲ. ತಿಳಿಸಿ, ಒಪ್ಪಂದದಲ್ಲಿ ಏನೇನು ಸೇರಿಸಬೇಕು ಎಂದು ಹೇಳುತ್ತೇನೆ.