ಹೊಸ ಪೀರ್-ಟು-ಪೀರ್ ಸಾಲ, ಕ್ರೌಡ್‌ಫಂಡಿಂಗ್ ಅವಕಾಶ ಹುಡುಕುವುದು ಹೇಗೆ?

ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಿಂದ ಶುರು ಮಾಡಿ, ಜಾಹೀರಾತಿನಿಂದ ಬೇಡ. ಪೀರ್-ಟು-ಪೀರ್ ಸಾಲಕ್ಕೆ, ಅಂದರೆ ಜನ ಆನ್‌ಲೈನ್‌ನಲ್ಲಿ ನೇರವಾಗಿ ಬೇರೆಯವರಿಗೆ ಕೊಡುವ ಸಾಲಕ್ಕೆ, ನೋಂದಣಿ ಪಡೆದ ಕಂಪನಿಗಳ ಪಟ್ಟಿ ಅಲ್ಲಿದೆ. ಆ್ಯಪ್‌ನ ಹೆಸರು ಬೇರೆ, ಕಂಪನಿಯ ಹೆಸರು ಬೇರೆ ಇರಬಹುದು. ಕಂಪನಿಯ ಹೆಸರನ್ನೇ ಹುಡುಕಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಇಷ್ಟು ಎಚ್ಚರ ಯಾಕೆ ಅಂದರೆ, ಇಲ್ಲಿ ಸಾಲ ಕೊಡುವವರು ನೀವೇ. ಮಂಗಳೂರು, ಉಡುಪಿಯ ನಮಗೆಲ್ಲ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿ ಗೊತ್ತು, ಅಲ್ವಾ? ಸಿಂಡಿಕೇಟ್ ಬ್ಯಾಂಕ್ ಅದನ್ನು 1928ರಲ್ಲಿ ಶುರು ಮಾಡಿತು. ಪಿಗ್ಮಿಯಲ್ಲಿ ಬ್ಯಾಂಕಿನ ಸಾಲಗಾರ ಕೈಕೊಟ್ಟರೂ ನಿಮ್ಮ ದುಡ್ಡನ್ನು ಬ್ಯಾಂಕ್ ಕೊಡಲೇಬೇಕು. ಪೀರ್-ಟು-ಪೀರ್‌ನಲ್ಲಿ ಕಂಪನಿ ಬರೀ ಮಧ್ಯವರ್ತಿ. ಸಾಲಗಾರ ಕಟ್ಟದಿದ್ದರೆ ನಷ್ಟ ಪೂರ್ತಿ ನಿಮ್ಮದು, ಠೇವಣಿ ವಿಮೆಯೂ ಇಲ್ಲ. ಬಡ್ಡಿ ಜಾಸ್ತಿ ಕಾಣುವುದು ಅದಕ್ಕೇ.

ಈ ಕಾರಣಕ್ಕೇ ಒಬ್ಬ ಸಾಲಗಾರನಿಗೆ ನೀವು 50,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ. ಎಲ್ಲ ವೇದಿಕೆ ಸೇರಿ ಮಿತಿ 50 ಲಕ್ಷ. ಸಾಲದ ಅವಧಿ 36 ತಿಂಗಳು ದಾಟಬಾರದು. 2024ರ ಆಗಸ್ಟ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು: ಖಚಿತ ಲಾಭ, ಬೇಕಾದಾಗ ವಾಪಸ್ ಎಂದು ಪ್ರಚಾರ ಮಾಡುವಂತಿಲ್ಲ. ಹಾಗೆ ಹೇಳುವವರು ಸಿಕ್ಕರೆ ಸುಮ್ನೆ ದೂರ ಇರಿ.

ಇನ್ನು ಕ್ರೌಡ್‌ಫಂಡಿಂಗ್, ಅಂದರೆ ಹಲವರಿಂದ ಸ್ವಲ್ಪ ಸ್ವಲ್ಪ ಹಣ ಎತ್ತುವುದು. ಆ ಹೆಸರಲ್ಲಿ ಸ್ಟಾರ್ಟಪ್ ಷೇರು ಮಾರುವ ವೇದಿಕೆಗಳ ಬಗ್ಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2016ರಲ್ಲೇ ಎಚ್ಚರಿಸಿದೆ. ಅನುಮತಿ ಇಲ್ಲದೆ ಆನ್‌ಲೈನ್‌ನಲ್ಲಿ ಹಾಗೆ ಹಣ ಎತ್ತುವುದು ಕಾನೂನುಬಾಹಿರ. ಚಿಕಿತ್ಸೆಗೋ ಓದಿಗೋ ದಾನ ಸಂಗ್ರಹಿಸುವುದು ಬೇರೆ ವಿಷಯ.

ನಿಜಕ್ಕೂ ಆಸಕ್ತಿ ಇದ್ದರೆ ಕಳೆದುಕೊಂಡರೂ ಮನೆ ಖರ್ಚಿಗೆ ತೊಂದರೆಯಾಗದಷ್ಟು ಮೊತ್ತ ಇಡಿ. ಹಲವು ಸಾಲಗಾರರಿಗೆ ಹಂಚಿ. ಹಣ ಹಾಕುವ ಮೊದಲು ವೇದಿಕೆ ಪ್ರಕಟಿಸಿರುವ ಸುಸ್ತಿಸಾಲದ ಅಂಕಿ ನೋಡಿ.